ಕೆಮಿಸ್ಟ್ರಿ, ಬಯೋಟೆಕ್ ಓದಿದವರಿಗೆ ಕೆಲಸ ಎಲ್ಲಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಡಿಗ್ರಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ನೆಂಟರ ಮಕ್ಕಳು, ಜೊತೆಗೆ ಕೆಲಸ ಮಾಡಿದವರ ಮಕ್ಕಳು, ಊರಿನ ಮೇಷ್ಟ್ರು ನಂಬರ್ ಕೊಟ್ಟು ಕಳಿಸಿದ ಹುಡುಗರು. ಬೆಂಗಳೂರಿನ ಹೊರವಲಯದ ಔಷಧಿ ಕಾರ್ಖಾನೆಗಳ ಲ್ಯಾಬಿನಲ್ಲಿ ಹದಿನೇಳು ವರ್ಷ ಕಳೆದಿದ್ದೇನೆ, ನನ್ನ ಅರ್ಹತೆ ಅಷ್ಟೇ. ಹೇಳಿದ್ದನ್ನೇ ಇಪ್ಪತ್ತು ಸಲ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಕರ್ನಾಟಕದಲ್ಲಿ ಕೂತು ಕೇಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಬರೀ ಬಿಎಸ್‌ಸಿ ಕೆಮಿಸ್ಟ್ರಿ ಮಾಡಿದ್ದೇನೆ. ನಿಜವಾಗಿ ಕೆಲಸ ಸಿಗುತ್ತಾ?

ಸಿಗುತ್ತದೆ. ಆದರೆ "ಕೆಮಿಸ್ಟ್" ಅಂದರೆ ಒಂದೇ ಕೆಲಸ ಅಂದುಕೊಂಡು ಬರಬೇಡಿ. ಮಾತ್ರೆ ತಯಾರಿಸುವ ಕಾರ್ಖಾನೆಗೆ ಒಂದು ಡ್ರಮ್ ಬಿಳಿ ಪುಡಿ ಬಂತು ಅಂತಿಟ್ಟುಕೊಳ್ಳಿ. ಅದರ ಹಿಂದೆಯೇ ಹೋಗೋಣ.

ಲಾರಿಯಿಂದ ಇಳಿದ ಡ್ರಮ್ ಮೊದಲು ಸ್ಟೋರ್‌ಗೆ ಹೋಗುತ್ತದೆ. ಅದರ ಮೇಲೆ ಹಳದಿ ಚೀಟಿ ಬೀಳುತ್ತದೆ: ಇನ್ನೂ ಪರೀಕ್ಷೆ ಆಗಿಲ್ಲ, ಯಾರೂ ಮುಟ್ಟುವಂತಿಲ್ಲ. ಲ್ಯಾಬಿನಿಂದ ಒಬ್ಬರು ಗೌನು, ಮಾಸ್ಕು ಹಾಕಿಕೊಂಡು ಬಂದು ಸ್ಯಾಂಪಲ್ ತೆಗೆಯುತ್ತಾರೆ. ಅದು ಕ್ವಾಲಿಟಿ ಕಂಟ್ರೋಲ್, ಅಂದರೆ ಕ್ಯೂಸಿ. ಅಲ್ಲಿ ಒಬ್ಬರು ನೀರಿನಂಶ ನೋಡುತ್ತಾರೆ, ಇನ್ನೊಬ್ಬರು ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕಿ ಪುಡಿ ಎಷ್ಟು ಶುದ್ಧ ಅಂತ ನೋಡುತ್ತಾರೆ, ಮೈಕ್ರೋಬಯಾಲಜಿ ಓದಿದವರು ಅದರಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಇದೆಯಾ ಅಂತ ಪ್ಲೇಟ್ ಹಾಕುತ್ತಾರೆ. ಎಲ್ಲ ಸರಿ ಇದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು. ಹಸಿರು ಬಿದ್ದ ಡ್ರಮ್ ಪ್ರೊಡಕ್ಷನ್‌ಗೆ ಹೋಗುತ್ತದೆ. ಅಲ್ಲಿ ತೂಗುವವರು, ಬೆರೆಸುವವರು, ಮಾತ್ರೆ ಒತ್ತುವ ಯಂತ್ರ ನೋಡಿಕೊಳ್ಳುವವರು. ಇವರೆಲ್ಲ ಬರೆದಿಟ್ಟದ್ದನ್ನು ಸಾಲು ಸಾಲಾಗಿ ಓದಿ ಸಹಿ ಹಾಕುವುದು ಕ್ಯೂಎ, ಅಂದರೆ ಕ್ವಾಲಿಟಿ ಅಶೂರೆನ್ಸ್. ಈ ಕಾಗದಗಳನ್ನು ಕಟ್ಟಿ ದೆಹಲಿಗೋ ಅಮೆರಿಕಕ್ಕೋ ಕಳಿಸಿ ಪರವಾನಗಿ ತರುವುದು ರೆಗ್ಯುಲೇಟರಿ ವಿಭಾಗ.

ಒಂದು ಡ್ರಮ್ಮಿಗೆ ಇಷ್ಟು ಜನ. ಬಿಎಸ್‌ಸಿ ಮಾಡಿದವರು ಸಾಮಾನ್ಯವಾಗಿ ಒಳಗೆ ಬರುವುದು ಕ್ಯೂಸಿ ಅಥವಾ ಪ್ರೊಡಕ್ಷನ್ ಬಾಗಿಲಿನಿಂದ. ಕ್ಯೂಎ, ರೆಗ್ಯುಲೇಟರಿ ಕಡೆ ಆಮೇಲೆ ಹೋಗಬಹುದು. ಮೊದಲ ದಿನವೇ ಎಸಿ ರೂಮಿನ ಕ್ಯೂಎ ಬೇಕು ಅಂತ ಹಟ ಹಿಡಿಯುವವರನ್ನು ನೋಡಿದ್ದೇನೆ. ಕೈಯಲ್ಲಿ ಪಿಪೆಟ್ ಹಿಡಿಯದವರು ಬೇರೆಯವರ ಪಿಪೆಟ್ ಕೆಲಸದಲ್ಲಿ ತಪ್ಪು ಹುಡುಕುವುದು ಕಷ್ಟ, ಅಲ್ವಾ?

ಕೆಲಸ ಯಾವ ಯಾವ ಊರಲ್ಲಿದೆ? ಎಲ್ಲ ಬೆಂಗಳೂರಲ್ಲೇನಾ?

ಬೆಂಗಳೂರಿನ ದಕ್ಷಿಣಕ್ಕೆ ಬೊಮ್ಮಸಂದ್ರ, ಜಿಗಣಿ, ಎಲೆಕ್ಟ್ರಾನಿಕ್ ಸಿಟಿ. ಔಷಧಿ, ಬಯೋಟೆಕ್, ಕಾಂಟ್ರಾಕ್ಟ್ ರಿಸರ್ಚ್ ಕಂಪನಿಗಳ ದೊಡ್ಡ ಗುಂಪು ಇಲ್ಲೇ ಇದೆ. ಬಯೋಕಾನ್, ಸಿಂಜೀನ್, ಆಂಥೆಮ್ ಬಯೋಸೈನ್ಸಸ್ ಎಲ್ಲ ಈ ಪಟ್ಟಿಯಲ್ಲೇ ಬರುತ್ತವೆ. ಬೆಳಿಗ್ಗೆ ಆರೂವರೆಗೆ ಹೊಸೂರು ರೋಡಿನಲ್ಲಿ ನಿಂತರೆ ಕಂಪನಿ ಬಸ್ಸುಗಳ ಸಾಲು ನೋಡಿಯೇ ಗೊತ್ತಾಗುತ್ತದೆ.

ಮೈಸೂರಿನ ಕಡೆಯವರಿಗೆ ನಂಜನಗೂಡು. ಕರಾವಳಿಯವರಿಗೆ ಮಂಗಳೂರು ದೊಡ್ಡ ಊರೇ: ಎಂಆರ್‌ಪಿಎಲ್ ರಿಫೈನರಿ, ಪಣಂಬೂರಿನ ಗೊಬ್ಬರ ಕಾರ್ಖಾನೆ, ಬಿಎಎಸ್‌ಎಫ್, ಸಿಂಜೀನ್‌ನ ಔಷಧಿ ಮೂಲವಸ್ತು ಘಟಕ. ಇಲ್ಲಿ ನನಗೆ ಬಹಳ ಇಷ್ಟದ ಒಂದು ಉದ್ಯಮವಿದೆ. ಗೋಡಂಬಿ ಸಿಪ್ಪೆಯಿಂದ ತೆಗೆಯುವ ಎಣ್ಣೆಯನ್ನು ಶುದ್ಧ ಮಾಡಿ, ಪೇಂಟಿಗೆ, ವಾಹನಗಳ ಬ್ರೇಕಿಗೆ ಬೇಕಾದ ರಾಸಾಯನಿಕ ಮಾಡುತ್ತಾರೆ. ನಮ್ಮಜ್ಜಿ ಕೈ ಸುಟ್ಟುಕೊಂಡ ಅದೇ ಸೊನೆ.

ಕಾರವಾರದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ, ದಾಂಡೇಲಿಯಲ್ಲಿ ಪೇಪರ್ ಮಿಲ್ಲು. ಬೀದರ್, ಹುಮನಾಬಾದ್, ಯಾದಗಿರಿಯ ಕಡೇಚೂರು ಕಡೆ ಔಷಧಿ ಮೂಲವಸ್ತು ಮಾಡುವ ಘಟಕಗಳು. ಆದರೂ ಬೀದರ್, ಕಲಬುರಗಿ ಹುಡುಗರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಪಟಾನ್‌ಚೆರು, ಜೀಡಿಮೆಟ್ಲ, ಜೀನೋಮ್ ವ್ಯಾಲಿ ಅನ್ನುವ ಕೈಗಾರಿಕಾ ಪ್ರದೇಶಗಳೆಲ್ಲ ಅಲ್ಲಿವೆ. ಅಲ್ಲಿಗೆ ಹೋಗಲು ಹಿಂಜರಿಯಬೇಡಿ. ಬೆಳಗಾವಿ, ಉತ್ತರ ಕನ್ನಡದವರಿಗೆ ಗೋವಾದ ವೆರ್ಣಾ ಕೈಗಾರಿಕಾ ಪ್ರದೇಶ ಇದೆ.

ಬಯೋಟೆಕ್ ಅಂದ್ರೆ ಮುಂದಿನ ಐಟಿ ಅಂದಿದ್ರು. ಎಲ್ಲಿ ಕೆಲಸ?

ಈ ಪ್ರಶ್ನೆ ಕೇಳುವವರ ದನಿಯಲ್ಲಿ ಸ್ವಲ್ಪ ಸಿಟ್ಟೂ ಇರುತ್ತದೆ. ನ್ಯಾಯವೇ.

2001ರಲ್ಲಿ ಕರ್ನಾಟಕ ತನ್ನ ಬಯೋಟೆಕ್ ನೀತಿ ತಂದಿತು. ಆಮೇಲೆ ಬಯೋಟೆಕ್ ಕೋರ್ಸುಗಳು ಮಳೆಗಾಲದ ಅಣಬೆ ಹಾಗೆ ಎದ್ದವು. ಸೀಟು ಹೆಚ್ಚಿದ ಹಾಗೆ ಲ್ಯಾಬು ಹೆಚ್ಚಲಿಲ್ಲ. ಎಷ್ಟೋ ಕಾಲೇಜಿನಲ್ಲಿ ಡಿಎನ್‌ಎ ನಕಲು ಮಾಡುವ ಪಿಸಿಆರ್ ಯಂತ್ರವನ್ನು ಗಾಜಿನ ಬೀರುವಿನ ಆಚೆಯಿಂದ ತೋರಿಸಿ ಕಳಿಸಿದರು. ಪದವಿ ಸಿಕ್ಕಿತು, ಕೈಗೆ ಕೆಲಸ ಬರಲಿಲ್ಲ.

ಹಾಗಂತ ಉದ್ಯಮ ಸುಳ್ಳಲ್ಲ. ಕಿರಣ್ ಮಜುಂದಾರ್ ಶಾ 1978ರಲ್ಲಿ ಬಯೋಕಾನ್ ಶುರು ಮಾಡಿದಾಗ ಮಾಡುತ್ತಿದ್ದದ್ದು ಪರಂಗಿ ಹಣ್ಣಿನಿಂದ ಪಪೇನ್ ಅನ್ನುವ ಎನ್‌ಜೈಮ್ ತೆಗೆಯುವ ಕೆಲಸ. 2004ರ ಹೊತ್ತಿಗೆ ಅದೇ ಕಂಪನಿ ಯೀಸ್ಟ್‌ನಿಂದ ಇನ್ಸುಲಿನ್ ಮಾಡಿ ಮಾರುಕಟ್ಟೆಗೆ ತಂದಿತು. ಪರಂಗಿಯಿಂದ ಇನ್ಸುಲಿನ್‌ಗೆ ಬರಲು ಇಪ್ಪತ್ತಾರು ವರ್ಷ. ಈ ಉದ್ಯಮದ ನಡಿಗೆ ಅಂಥದ್ದು. ಐಟಿ ಹಾಗೆ ಎರಡು ವರ್ಷಕ್ಕೆ ಕಟ್ಟಡ ಕಟ್ಟಿ ಹತ್ತು ಸಾವಿರ ಜನರನ್ನು ತುಂಬುವುದಿಲ್ಲ.

ಕೆಲಸ ಎಲ್ಲಿ ಅಂದರೆ, ಮುಖ್ಯವಾಗಿ ಎರಡು ಕಡೆ. ಒಂದು, ಫರ್ಮೆಂಟರ್ ಕಡೆ. ಜೀವಕೋಶ ಬೆಳೆಸುವುದನ್ನು ಅಪ್‌ಸ್ಟ್ರೀಮ್ ಅನ್ನುತ್ತಾರೆ, ಬೆಳೆದದ್ದರಿಂದ ಬೇಕಾದ ಪ್ರೋಟೀನ್ ಸೋಸಿ ತೆಗೆಯುವುದು ಡೌನ್‌ಸ್ಟ್ರೀಮ್. ಚಿಕ್ಕ ಫ್ಲಾಸ್ಕಿನಲ್ಲಿ ಹೆಪ್ಪು ಹಾಕಿದ ಹಾಗೆ ಶುರುವಾಗಿ, ಸ್ವಲ್ಪ ದೊಡ್ಡ ಪಾತ್ರೆ, ಇನ್ನೂ ದೊಡ್ಡ ಪಾತ್ರೆ, ಕೊನೆಗೆ ಸಾವಿರಾರು ಲೀಟರಿನ ಸ್ಟೀಲ್ ಟ್ಯಾಂಕು. ನಡುವೆ ಎಲ್ಲಾದರೂ ಬೇರೆ ಬ್ಯಾಕ್ಟೀರಿಯಾ ನುಗ್ಗಿದರೆ ಇಡೀ ಟ್ಯಾಂಕು ಚರಂಡಿಗೆ. ಅನುಭವ ಇರುವ ಆಪರೇಟರ್ ಕೆಲವು ಸಲ ರಿಪೋರ್ಟ್ ಬರುವ ಮೊದಲೇ ವಾಸನೆಯಲ್ಲೇ ಹೇಳಿಬಿಡುತ್ತಾರೆ, "ಸಾರ್, ಇದು ಹೋಯ್ತು" ಅಂತ. ಹೆಪ್ಪು ಕೆಟ್ಟ ಮೊಸರನ್ನು ಅಮ್ಮ ಗುರುತಿಸುವ ಹಾಗೆ.

ಎರಡನೆಯದು, ಬೇರೆ ದೇಶದ ಔಷಧಿ ಕಂಪನಿಗಳಿಗೆ ಸಂಶೋಧನೆ ಮಾಡಿಕೊಡುವ ಕಾಂಟ್ರಾಕ್ಟ್ ಕಂಪನಿಗಳು. ಇಲ್ಲಿ ಎಂಎಸ್‌ಸಿ, ಎಂಟೆಕ್, ಪಿಎಚ್‌ಡಿಗಳಿಗೆ ಬೆಲೆ ಜಾಸ್ತಿ.

ನೇರವಾಗಿ ಹೇಳುತ್ತೇನೆ. ಬಿಎಸ್‌ಸಿಗೇ ನಿಲ್ಲಿಸುವವರಿಗೆ ಕೆಮಿಸ್ಟ್ರಿ ಅಥವಾ ಮೈಕ್ರೋಬಯಾಲಜಿ ಇರುವ ಕಾಂಬಿನೇಷನ್ ಹೆಚ್ಚು ಬಾಗಿಲು ತೆರೆಯುತ್ತದೆ. ಬಯೋಟೆಕ್ ಇಷ್ಟ ಅಂದರೆ ಎಂಎಸ್‌ಸಿವರೆಗೂ ಓದುವ ಲೆಕ್ಕ ಮೊದಲೇ ಹಾಕಿಕೊಳ್ಳಿ.

ಇದೆಲ್ಲ ಹೊಸ ಕ್ಷೇತ್ರ ಅಲ್ವಾ? ನಾಳೆ ಮುಚ್ಚಿದ್ರೆ?

ಹೊಸದೇನಲ್ಲ. ಮೊದಲ ಮಹಾಯುದ್ಧ ಶುರುವಾಗಿ ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗುವುದು ನಿಂತಾಗ, ಸಂಸ್ಥಾನವೇ 1916ರಲ್ಲಿ ಗಂಧದೆಣ್ಣೆ ತೆಗೆಯಲು ಶುರು ಮಾಡಿತು. ಆಮೇಲೆ ಸೋಪು. ಅದನ್ನು ಕಲಿತು ಬರಲು ಎಸ್.ಜಿ. ಶಾಸ್ತ್ರಿ ಅನ್ನುವ ಕೆಮಿಸ್ಟನ್ನು ಇಂಗ್ಲೆಂಡಿಗೆ ಕಳಿಸಿದ್ದರು. ಜನ ಅವರನ್ನು "ಸೋಪ್ ಶಾಸ್ತ್ರಿ" ಅಂತಲೇ ಕರೆದರು. ನಮ್ಮಲ್ಲಿ ಕೆಮಿಸ್ಟ್ ಕೆಲಸಕ್ಕೆ ನೂರು ವರ್ಷ ದಾಟಿದೆ.

ಕಂಪನಿಗಳು ಮುಚ್ಚುತ್ತವೆ, ಕೈ ಬದಲಾಗುತ್ತವೆ, ಅದು ಬೇರೆ ಮಾತು. ನಾನೇ ಮೂರು ಕಡೆ ಕೆಲಸ ಮಾಡಿದ್ದೇನೆ. ಎಚ್‌ಪಿಎಲ್‌ಸಿ ಎಲ್ಲ ಕಡೆ ಒಂದೇ.

ಬಿ.ಫಾರ್ಮ ಮಾಡಲಾ, ಬಿಎಸ್‌ಸಿ ಮಾಡಲಾ?

ಪಿಯುಸಿ ಮುಗಿಸಿದವರ ಅಪ್ಪ ಅಮ್ಮ ಕೇಳುವ ಪ್ರಶ್ನೆ ಇದು. ಫೀಸಿನ ವ್ಯತ್ಯಾಸ ನಿಮಗೇ ಗೊತ್ತು. ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಔಷಧಿ ತಯಾರಿಕೆಯನ್ನು ಅರ್ಹತೆ ಇರುವ ತಾಂತ್ರಿಕ ಸಿಬ್ಬಂದಿಯ ಕಣ್ಣೆದುರೇ ಮಾಡಬೇಕು ಅಂತ ಔಷಧ ಮತ್ತು ಕಾಂತಿವರ್ಧಕ ನಿಯಮಗಳು ಹೇಳುತ್ತವೆ. ಆ ಅರ್ಹತೆಗೆ ಬಿ.ಫಾರ್ಮ ಆದವರಿಗೆ ತಯಾರಿಕೆಯಲ್ಲಿ 18 ತಿಂಗಳ ಅನುಭವ ಸಾಕು. ಕೆಮಿಸ್ಟ್ರಿ ಮುಖ್ಯ ವಿಷಯವಾಗಿ ಓದಿದ ಬಿಎಸ್‌ಸಿಯವರಿಗೆ 3 ವರ್ಷ ಬೇಕು. ಈ ಒಪ್ಪಿಗೆ ಸಿಕ್ಕವರನ್ನು ಕಾರ್ಖಾನೆಯಲ್ಲಿ "ಅಪ್ರೂವ್ಡ್ ಕೆಮಿಸ್ಟ್" ಅನ್ನುತ್ತಾರೆ. ಲೈಸೆನ್ಸಿಗೆ ಅವರ ಹೆಸರು ಬೇಕೇ ಬೇಕು, ಹಾಗಾಗಿ ಅವರಿಗೆ ಬೇಡಿಕೆ.

ಅಂದರೆ ಬಿ.ಫಾರ್ಮನವರು ಒಂದೂವರೆ ವರ್ಷ ಮುಂದೆ ಇರುತ್ತಾರೆ. ಆದರೆ ಅವರು ಓದುವುದು ನಾಲ್ಕು ವರ್ಷ. ಬಿಎಸ್‌ಸಿಯವರು ಮೂರು ವರ್ಷದ ಪದವಿ ಮುಗಿಸಿ ಆಗಲೇ ಸಂಬಳ ತೊಗೊಳ್ಳುತ್ತಿರುತ್ತಾರೆ. ಔಷಧಿ ಬಿಟ್ಟು ಪೇಂಟು, ಗೊಬ್ಬರ, ನೀರು, ಆಹಾರ ಯಾವ ಕಡೆ ಬೇಕಾದರೂ ತಿರುಗುವ ಸ್ವಾತಂತ್ರ್ಯ ಕೆಮಿಸ್ಟ್ರಿಯವರಿಗೆ ಜಾಸ್ತಿ. ಔಷಧಿಯೇ ಅಂತ ಮನಸ್ಸು ಗಟ್ಟಿ ಇದ್ದರೆ ಬಿ.ಫಾರ್ಮ.

ಕೆಮಿಕಲ್ ಇಂಜಿನಿಯರ್ ಮಾಡೋದೇನು? ಕೆಮಿಸ್ಟ್‌ಗೂ ಅವರಿಗೂ ಏನು ವ್ಯತ್ಯಾಸ?

ನಾಲ್ಕು ಜನಕ್ಕೆ ಬಿಸಿಬೇಳೆ ಬಾತ್ ಮಾಡುವುದು ಒಂದು, ಮದುವೆ ಮನೆಯಲ್ಲಿ ಸಾವಿರ ಜನಕ್ಕೆ ಮಾಡುವುದು ಇನ್ನೊಂದು. ಭಟ್ಟರನ್ನು ಕೇಳಿ, ಬರೀ ಅಕ್ಕಿ ಬೇಳೆ ಇನ್ನೂರೈವತ್ತು ಪಟ್ಟು ಮಾಡಿದರೆ ಆಗುತ್ತಾ ಅಂತ.

ಲ್ಯಾಬಿನಲ್ಲಿ ಕಾಲು ಲೀಟರಿನ ಫ್ಲಾಸ್ಕನ್ನು ಐಸಿನಲ್ಲಿಟ್ಟು ಹತ್ತು ನಿಮಿಷಕ್ಕೆ ಮಾಡಿದ ಕ್ರಿಯೆ, ಐದು ಸಾವಿರ ಲೀಟರಿನ ರಿಯಾಕ್ಟರಿನಲ್ಲಿ ಹಾಗೆ ಆಗುವುದಿಲ್ಲ. ಒಳಗಿನ ಸರಕು ಇಪ್ಪತ್ತು ಸಾವಿರ ಪಟ್ಟು ಹೆಚ್ಚುತ್ತದೆ, ಬಿಸಿ ಹೊರಹೋಗುವ ಗೋಡೆ ಹೆಚ್ಚುವುದು ಸುಮಾರು 740 ಪಟ್ಟು ಮಾತ್ರ, ಪಾತ್ರೆಯ ಆಕಾರ ಅದೇ ಇದ್ದರೆ. ಉಳಿದ ಬಿಸಿ ಒಳಗೇ ಕೂರುತ್ತದೆ. ಅದನ್ನು ಹೇಗೆ ಹೊರಹಾಕಬೇಕು, ಎಷ್ಟು ಗಂಟೆ ನಿಧಾನಕ್ಕೆ ಸುರಿಯಬೇಕು, ಕಲಕುವ ರೆಕ್ಕೆ ಯಾವುದಿರಬೇಕು ಅನ್ನುವ ಲೆಕ್ಕ ಕೆಮಿಕಲ್ ಇಂಜಿನಿಯರಿಂದು. ಹೊಸ ಅಣು ಕಂಡುಹಿಡಿಯುವವರಿಗೆ ಹೆಸರು ಬರುತ್ತದೆ, ಅದನ್ನು ಟನ್ ಲೆಕ್ಕದಲ್ಲಿ, ಯಾರಿಗೂ ಏನೂ ಆಗದ ಹಾಗೆ ಮಾಡಿಕೊಡುವವರು ಇವರು. ನನ್ನ ಲೆಕ್ಕದಲ್ಲಿ ನಮ್ಮಲ್ಲಿ ಸಾಕಷ್ಟು ಮರ್ಯಾದೆ ಸಿಗದ ಇಂಜಿನಿಯರಿಂಗ್ ಇದು. ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸಿಗದವರು ಬೇಸರದಲ್ಲಿ ಸೇರುವ ಬ್ರಾಂಚ್ ಆಗಿದೆ.

ಸುರತ್ಕಲ್‌ನ ಎನ್‌ಐಟಿಕೆ, ಬೆಂಗಳೂರಿನ ಆರ್‌ವಿ, ಬಿಎಂಎಸ್, ತುಮಕೂರಿನ ಸಿದ್ಧಗಂಗಾ, ಹೀಗೆ ಕೆಲವೇ ಕಡೆ ಈ ಬ್ರಾಂಚ್ ಇದೆ. ಸರ್ಕಾರಿ ಎಣ್ಣೆ ಕಂಪನಿಗಳಿಗೆ ಹೋಗಬೇಕು ಅಂದರೆ ಗೇಟ್ ಪರೀಕ್ಷೆ ಬರೆಯಿರಿ.

ಐಟಿಐ ಅಥವಾ ಡಿಪ್ಲೊಮಾ ಆದವರಿಗೆ?

ಖಂಡಿತ ಇದೆ, ಮತ್ತೆ ಇದರ ಬಗ್ಗೆ ಯಾರೂ ಹೇಳುವುದಿಲ್ಲ. ಐಟಿಐನಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಅಷ್ಟೇ ಇರುವುದು ಅಂದುಕೊಂಡಿರುತ್ತಾರೆ. ಅಟೆಂಡೆಂಟ್ ಆಪರೇಟರ್ ಕೆಮಿಕಲ್ ಪ್ಲಾಂಟ್ ಅಂತ ಒಂದು ಟ್ರೇಡ್ ಇದೆ, ಚಿಕ್ಕದಾಗಿ ಎಒಸಿಪಿ. ಎರಡು ವರ್ಷದ್ದು. ಕೆಮಿಕಲ್ ಪ್ಲಾಂಟಿನ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್, ಲ್ಯಾಬೊರೇಟರಿ ಅಸಿಸ್ಟೆಂಟ್ ಟ್ರೇಡ್‌ಗಳೂ ಇವೆ. ಎಲ್ಲ ಐಟಿಐಗಳಲ್ಲಿ ಇಲ್ಲ, ಹುಡುಕಬೇಕು. ರಿಫೈನರಿ, ಗೊಬ್ಬರ ಕಾರ್ಖಾನೆಗಳು ಅಪ್ರೆಂಟಿಸ್ ತೊಗೊಳ್ಳುವಾಗ ಈ ಟ್ರೇಡ್ ಹೆಸರು ಹಾಕಿಯೇ ಕರೆಯುತ್ತವೆ. ಅಪ್ರೆಂಟಿಸ್ ಆಗಿ ಸೇರಲು ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಭತ್ಯೆ ಕಡಿಮೆ. ಆದರೆ ಒಂದು ವರ್ಷ ದೊಡ್ಡ ಪ್ಲಾಂಟಿನಲ್ಲಿ ನಿಂತು ಬಂದ ಸರ್ಟಿಫಿಕೇಟು ಮುಂದಿನ ಗೇಟಿನಲ್ಲಿ ಮಾತಾಡುತ್ತದೆ.

ಪ್ಲಾಸ್ಟಿಕ್ ಕಡೆ ಒಲವಿದ್ದರೆ ಮೈಸೂರಿನಲ್ಲಿ ಸಿಪೆಟ್ ಅನ್ನುವ, ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ.

ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ?

ನಾನು ಆ ಕಡೆ ಕುರ್ಚಿಯಲ್ಲೂ ಕೂತಿದ್ದೇನೆ. ಫ್ರೆಶರ್‌ಗಳಿಗೆ ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಲೀಟರ್ ಮಾಡಬೇಕು. ಹೇಗೆ ಮಾಡ್ತೀಯಪ್ಪಾ?"

ಹೆಚ್ಚಿನವರು ಸೂತ್ರ ಹೇಳಲು ಶುರು ಮಾಡುತ್ತಾರೆ. ನನಗೆ ಬೇಕಾದದ್ದು ಕೈ ಏನು ಮಾಡುತ್ತದೆ ಅನ್ನುವುದು. ಉತ್ತರ ಹೀಗಿರಬೇಕು: ಹೊಗೆ ಹೀರುವ ಫ್ಯೂಮ್ ಹುಡ್‌ ಮುಂದೆ ನಿಲ್ಲುತ್ತೇನೆ. ಫ್ಲಾಸ್ಕಿಗೆ ಮೊದಲು ನೀರು ಹಾಕುತ್ತೇನೆ. ಗಟ್ಟಿ ಆಸಿಡ್ ಸುಮಾರು 8.5 ಎಂಎಲ್ ಅಳೆದು ನೀರಿಗೆ ಸೇರಿಸುತ್ತೇನೆ, ಆಸಿಡ್‌ಗೆ ನೀರಲ್ಲ. ತಣ್ಣಗಾದ ಮೇಲೆ ಗೆರೆಯವರೆಗೆ ತುಂಬುತ್ತೇನೆ. ಆಮೇಲೆ ಸೋಡಿಯಂ ಕಾರ್ಬೊನೇಟ್ ತೂಗಿ ಟೈಟ್ರೇಟ್ ಮಾಡಿ ನಿಜವಾದ ನಾರ್ಮಾಲಿಟಿ (ದ್ರಾವಣದ ಸಾಂದ್ರತೆ) ಎಷ್ಟು ಅಂತ ನೋಡುತ್ತೇನೆ. ಬಾಟಲಿಗೆ ಲೇಬಲ್ ಹಚ್ಚಿ ತಾರೀಖು, ಹೆಸರು ಬರೆಯುತ್ತೇನೆ.

ಕೊನೆಯ ಸಾಲು, ಲೇಬಲ್ಲಿನದ್ದು, ಕೇಳದೆಯೇ ಹೇಳುವವರು ಹತ್ತರಲ್ಲಿ ಒಬ್ಬರೋ ಇಬ್ಬರೋ. ಅವರನ್ನು ನಾನು ಬಿಟ್ಟುಕೊಟ್ಟದ್ದು ಕಡಿಮೆ.

ಇನ್ನು ಕೇಳುವುದು: ಕಾಸ್ಟಿಕ್ ಸೋಡಾವನ್ನು ನೇರವಾಗಿ ತೂಗಿ ಸ್ಟ್ಯಾಂಡರ್ಡ್ ದ್ರಾವಣ ಯಾಕೆ ಮಾಡಬಾರದು? (ಗಾಳಿಯ ತೇವ, ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳುತ್ತದೆ. ತೂಕ ನಂಬುವ ಹಾಗಿಲ್ಲ.) ಸಿ18 ಕಾಲಮ್ ಅಂದರೇನು? (ಎಚ್‌ಪಿಎಲ್‌ಸಿಯಲ್ಲಿ ಮಿಶ್ರಣವನ್ನು ಬೇರ್ಪಡಿಸುವ ಒಂದು ಬಗೆಯ ಕೊಳವೆ.) ನೀನು ಮಾಡಿದ ಪ್ರಾಜೆಕ್ಟಿನಲ್ಲಿ ಏನು ಕೆಟ್ಟಿತು? ಈ ಕೊನೆಯ ಪ್ರಶ್ನೆಗೆ "ಏನೂ ಕೆಡಲಿಲ್ಲ ಸಾರ್" ಅಂದರೆ ಪ್ರಾಜೆಕ್ಟ್ ಬೇರೆ ಯಾರೋ ಮಾಡಿದ್ದಾರೆ ಅಂತ ಅರ್ಥ.

ಈ ಲಾಗ್‌ಬುಕ್ಕು, ಡೇಟಾ ಇಂಟೆಗ್ರಿಟಿ ಅಂತ ಎಲ್ಲರೂ ಹೆದರಿಸ್ತಾರಲ್ಲ, ಏನದು?

ಬರೆದಿಟ್ಟ ದಾಖಲೆ ನಂಬುವ ಹಾಗಿರಬೇಕು, ಅಷ್ಟೇ. ನನ್ನ ಎರಡನೇ ವರ್ಷದ ಕಥೆ ಹೇಳುತ್ತೇನೆ. ರಾತ್ರಿ ಪಾಳಿ, ಎರಡು ಗಂಟೆ ಆಗಿತ್ತು. ತಕ್ಕಡಿಯಲ್ಲಿ 50.12 ಮಿಲಿಗ್ರಾಂ ಬಂದಿತ್ತು, ನಿದ್ದೆಗಣ್ಣಿನಲ್ಲಿ 50.21 ಅಂತ ಬರೆದೆ. ಗಮನಕ್ಕೆ ಬಂದ ಕೂಡಲೇ ಅಂಕಿಯ ಮೇಲೇ ತಿದ್ದಿದೆ. ಶಾಲೆಯಲ್ಲಿ ತಿದ್ದುವ ಹಾಗೆ. ಬೆಳಿಗ್ಗೆ ಕ್ಯೂಎ ಮೇಡಂ ಕರೆಸಿದರು. ತಕ್ಕಡಿಯ ಪ್ರಿಂಟ್ ಸರಿಯಿತ್ತು, ನನ್ನ ತಿದ್ದಿದ ಅಂಕಿಯೂ ಸರಿಯಿತ್ತು. ಆದರೂ ವಿಚಾರಣೆ, ನಿಯಮ ತಪ್ಪಿದ್ದಕ್ಕೆ ಡೀವಿಯೇಷನ್ ಫಾರಂ, ಎರಡು ದಿನ ಬ್ಯಾಚ್ ನಿಂತಿತು. ಯಾಕೆ? ತಪ್ಪಿದರೆ ಒಂದೇ ಗೆರೆ ಎಳೆಯಬೇಕು. ಹಳೆಯದು ಓದಲು ಬರಬೇಕು. ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ, ತಾರೀಖು, ಕಾರಣ ಹಾಕಬೇಕು. ವೈಟ್ನರ್ ಲ್ಯಾಬಿನ ಒಳಗೆ ತರುವ ಹಾಗೇ ಇಲ್ಲ.

"ಮಾತ್ರೆ ನುಂಗುವವರು ಅದನ್ನು ಪರೀಕ್ಷೆ ಮಾಡಿ ನುಂಗಲ್ಲ. ನಿನ್ನ ಬರಹ ನಂಬಿ ನುಂಗ್ತಾರೆ," ಅಂದರು ಮೇಡಂ. ಬೈಗುಳ ಅಷ್ಟೇ. ಇಲ್ಲಿಯವರೆಗೂ ಮರೆತಿಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇನ್‌ಸ್ಪೆಕ್ಟರ್‌ಗಳು ಬಂದಾಗ ಕಸದ ಬುಟ್ಟಿಯನ್ನೂ ನೋಡುತ್ತಾರೆ, ಹರಿದ ಕಾಗದ ಇದೆಯಾ ಅಂತ. ಯಂತ್ರ ತನ್ನಷ್ಟಕ್ಕೆ ತಾನೇ ದಾಖಲಿಸುವ ಆಡಿಟ್ ಟ್ರೇಲ್ ತೆಗೆಸುತ್ತಾರೆ. ಎಲ್ಲಾದರೂ ಮೇಲಿನವರು "ಫೇಲ್ ಆದ ರಿಸಲ್ಟ್ ಅಳಿಸು, ಇನ್ನೊಂದು ಸಲ ಹಾಕು" ಅಂದರೆ ಮಾಡಬೇಡಿ. ಸಹಿ ಅವರದ್ದಲ್ಲ, ನಿಮ್ಮದು. ಅಂಥ ಜಾಗದಿಂದ ಬೇರೆ ಕೆಲಸ ನೋಡಿಕೊಂಡು ಹೊರಡುವುದೇ ವಾಸಿ.

ಸಂಬಳ ಎಷ್ಟು?

ಮೊದಲ ವರ್ಷ ನಿಮ್ಮ ಜೊತೆ ಓದಿದ ಸಾಫ್ಟ್‌ವೇರ್ ಗೆಳೆಯನಿಗಿಂತ ಕಡಿಮೆ. ಇದನ್ನು ಮೊದಲೇ ಅರಗಿಸಿಕೊಂಡು ಬನ್ನಿ. ಮೂರರಿಂದ ಐದು ವರ್ಷ ಎಚ್‌ಪಿಎಲ್‌ಸಿಯಲ್ಲಿ ಕೈ ಪಳಗಿ, ಹೊಸ ಪರೀಕ್ಷಾ ವಿಧಾನ ರೂಪಿಸಿ ಸಾಬೀತು ಮಾಡುವಷ್ಟು ಬಂದರೆ ಕಂಪನಿ ಬದಲಿಸುವಾಗ ಒಳ್ಳೆಯ ಏರಿಕೆ ಸಿಗುತ್ತದೆ.

ಆಫರ್ ಲೆಟರ್‌ನಲ್ಲಿ ಸಿಟಿಸಿ (ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು) ನೋಡಿ ಕುಣಿಯಬೇಡಿ. ಕೈಗೆ ಎಷ್ಟು ಅಂತ ಕೇಳಿ. ಕಂಪನಿ ರೋಲ್‌ನಲ್ಲಾ, ಕಾಂಟ್ರಾಕ್ಟರ್ ರೋಲ್‌ನಲ್ಲಾ ಅಂತ ಕೇಳಿ. ಬಸ್ಸು, ಕ್ಯಾಂಟೀನ್ ಇದೆಯಾ ಕೇಳಿ. ಜಿಗಣಿಯಲ್ಲಿ ಕೆಲಸ, ಯಲಹಂಕದಲ್ಲಿ ಮನೆ, ಬಸ್ ಇಲ್ಲ ಅಂದರೆ ಸಂಬಳದಲ್ಲಿ ಏನು ಉಳಿಯುತ್ತದೆ ಲೆಕ್ಕ ಹಾಕಿ.

ಮಗಳನ್ನು ಕಳಿಸಬಹುದಾ? ನೈಟ್ ಶಿಫ್ಟ್ ಇರುತ್ತಾ?

ಲ್ಯಾಬುಗಳಲ್ಲಿ, ಕ್ಯೂಎನಲ್ಲಿ, ಬಯೋಟೆಕ್ ಸಂಶೋಧನೆಯಲ್ಲಿ ಹೆಣ್ಣುಮಕ್ಕಳು ಬಹಳ ಇದ್ದಾರೆ. ಪ್ರೊಡಕ್ಷನ್‌ನಲ್ಲಿ ಕಡಿಮೆ. 1948ರ ಕಾರ್ಖಾನೆ ಕಾಯ್ದೆ ಹೆಂಗಸರಿಗೆ ರಾತ್ರಿ ಪಾಳಿ ಬೇಡ ಅಂದಿತ್ತು, ಹಾಗಾಗಿ ಎಷ್ಟೋ ಕಂಪನಿಗಳು ಪ್ರೊಡಕ್ಷನ್‌ಗೆ ತೊಗೊಳ್ಳುತ್ತಲೇ ಇರಲಿಲ್ಲ. 2023ರಲ್ಲಿ ಕರ್ನಾಟಕ ಆ ಕಾಯ್ದೆಗೆ ತಿದ್ದುಪಡಿ ತಂದು, ಒಪ್ಪಿಗೆ, ವಾಹನ, ಭದ್ರತೆಯ ಷರತ್ತುಗಳ ಮೇಲೆ ದಾರಿ ಬಿಟ್ಟಿತು. ಆದ್ದರಿಂದ ರಾತ್ರಿ ಪಾಳಿ ಇದೆಯಾ, ಮನೆಯ ಬಾಗಿಲವರೆಗೆ ಕ್ಯಾಬ್ ಬರುತ್ತಾ ಅಂತ ಸೇರುವ ಮೊದಲೇ ಕೇಳುವ ಹಕ್ಕು ಮಗಳಿಗಿದೆ. ಆದರೆ ಮಗಳೇ ಕೇಳಲಿ, ನೀವು ಎಚ್‌ಆರ್‌ಗೆ ಫೋನ್ ಮಾಡಬೇಡಿ.

ಕೆಮಿಕಲ್ ಕಾರ್ಖಾನೆ ಅಪಾಯ ಅಲ್ವಾ?

ಅಪಾಯ ಇದೆ. ಇಲ್ಲ ಅನ್ನುವವರನ್ನು ನಂಬಬೇಡಿ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೊಸಯನೇಟ್ ಟ್ಯಾಂಕಿಗೆ ನೀರು ಸೇರಿ ಸಾವಿರಾರು ಜನ ಸತ್ತರು. 1986ರ ಪರಿಸರ ಸಂರಕ್ಷಣಾ ಕಾಯ್ದೆ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಬಂದ ಸುರಕ್ಷತಾ ತಿದ್ದುಪಡಿ, ಎಲ್ಲ ಆ ಹೆಣಗಳ ಮೇಲೆ ಎದ್ದವು. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಲಾಕ್‌ಡೌನ್ ಕಾಲದಲ್ಲಿ ನಿಂತಿದ್ದ ಟ್ಯಾಂಕಿನೊಳಗೆ ಸ್ಟೈರೀನ್ ಬಿಸಿಯೇರಿ ಹೊರಬಂತು. ನಿಂತ ಕಾರ್ಖಾನೆಯೂ ಅಪಾಯವೇ.

ದಿನನಿತ್ಯದ ಕಾರ್ಖಾನೆಯಲ್ಲಿ ನಾನು ಹೆದರುವುದು ವಾಸನೆ ಬರುವ ಗ್ಯಾಸಿಗಲ್ಲ, ನೈಟ್ರೋಜನ್‌ಗೆ. ಬಣ್ಣ ಇಲ್ಲ, ವಾಸನೆ ಇಲ್ಲ, ವಿಷವೂ ಅಲ್ಲ. ಬೆಂಕಿ ಹೊತ್ತಿಕೊಳ್ಳದಿರಲಿ ಅಂತ ರಿಯಾಕ್ಟರ್ ತುಂಬ ಅದನ್ನೇ ತುಂಬಿರುತ್ತಾರೆ. ಗಾಳಿಯಲ್ಲಿ ಆಮ್ಲಜನಕ 21 ಶೇಕಡಾ ಇರಬೇಕು, 19.5ಕ್ಕಿಂತ ಕಡಿಮೆ ಇದ್ದರೆ ಒಳಗೆ ಇಳಿಯುವ ಹಾಗಿಲ್ಲ. ಕ್ಲೀನ್ ಮಾಡಲು ಇಳಿದವನು ಬಿದ್ದ, ಎತ್ತಲು ಇಳಿದವನೂ ಬಿದ್ದ, ಇಂಥ ಸುದ್ದಿ ನೀವೂ ಓದಿರುತ್ತೀರಿ. ಎರಡನೆಯವನು ಸಾಯುವುದು ಗಾಬರಿಯಿಂದ. ಆಮ್ಲಜನಕ ಅಳೆಯುವ ಮೀಟರ್ ಇಲ್ಲದೆ, ಪರ್ಮಿಟ್ ಇಲ್ಲದೆ, ಹೊರಗೆ ಹಗ್ಗ ಹಿಡಿದು ಒಬ್ಬರು ನಿಲ್ಲದೆ ಯಾವ ಟ್ಯಾಂಕಿಗೂ ಇಳಿಯಬೇಡಿ. ಸೂಪರ್‌ವೈಸರ್ ಏನೇ ಅನ್ನಲಿ.

ಒಂದು ಉಪಾಯ: ಇಂಟರ್‌ವ್ಯೂಗೆ ಹೋದಾಗ ಪ್ಲಾಂಟಿನ ಗೇಟಿನಲ್ಲಿ ಸ್ವಲ್ಪ ನಿಂತು ನೋಡಿ. ಕಾಂಟ್ರಾಕ್ಟ್ ಕೆಲಸಗಾರರ ಕಾಲಲ್ಲಿ ಸೇಫ್ಟಿ ಶೂ ಇದೆಯಾ, ಹವಾಯಿ ಚಪ್ಪಲಿಯಾ? ಉಳಿದದ್ದು ಊಹಿಸಬಹುದು.

ನಮ್ಮದು ಬಾಗಲಕೋಟೆ. ಊರು ಬಿಟ್ಟು ಹೋಗೋಕೆ ಆಗಲ್ಲ. ಏನಾದ್ರೂ ಇದೆಯಾ?

ನಿಮ್ಮ ಜಿಲ್ಲೆಯಲ್ಲಿ ಕಬ್ಬಿದೆ. ಕಬ್ಬಿದ್ದಲ್ಲಿ ಲ್ಯಾಬ್ ಕೆಮಿಸ್ಟ್ ಬೇಕು. ರಸದ ಬ್ರಿಕ್ಸ್ (ಕರಗಿದ ಒಟ್ಟು ವಸ್ತು) ಎಷ್ಟು, ಪೋಲ್ (ಅದರಲ್ಲಿನ ಸಕ್ಕರೆ) ಎಷ್ಟು ಅಂತ ಗಂಟೆಗಂಟೆಗೂ ನೋಡಬೇಕು. ಅದರ ಮುಂದಿನ ಹುದ್ದೆ ಮ್ಯಾನುಫ್ಯಾಕ್ಚರಿಂಗ್ ಕೆಮಿಸ್ಟ್. ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದಕ್ಕಾಗಿಯೇ ಕೋರ್ಸ್ ನಡೆಸುತ್ತದೆ.

ಈಗ ಜೊತೆಗೆ ಎಥನಾಲ್ ಬಂದಿದೆ. ಪೆಟ್ರೋಲಿಗೆ 20 ಶೇಕಡಾ ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಅದಕ್ಕಾಗಿ ಸಕ್ಕರೆ ಕಾರ್ಖಾನೆಗಳ ಪಕ್ಕದಲ್ಲೇ ಡಿಸ್ಟಿಲರಿಗಳು ಎದ್ದಿವೆ. ಕೆಮಿಸ್ಟ್ರಿ, ಬಯಾಲಜಿ ಎರಡೂ ಸೇರುವ ಜಾಗ ಇದು. ಕಾಕಂಬಿಗೆ ನೀರು ಬೆರೆಸಿ ಯೀಸ್ಟ್ ಹಾಕಿ ಹುಳಿಯಿಸುವುದು ಮೈಕ್ರೋಬಯಾಲಜಿ. ಅದನ್ನು ಕಾಯಿಸಿ ಬಟ್ಟಿ ಇಳಿಸುವುದು ಕೆಮಿಸ್ಟ್ರಿ. ಎಷ್ಟೇ ಬಟ್ಟಿ ಇಳಿಸಿದರೂ ಶೇಕಡಾ 95ರ ಆಸುಪಾಸಿನಲ್ಲಿ ಎಥನಾಲ್ ನಿಂತುಬಿಡುತ್ತದೆ, ಉಳಿದ ನೀರು ಬಿಟ್ಟುಹೋಗುವುದಿಲ್ಲ. ಮಾಲಿಕ್ಯುಲರ್ ಸೀವ್ ಅನ್ನುವ ಸಣ್ಣ ಸಣ್ಣ ಗುಂಡುಗಳ ಮೂಲಕ ಹಾಯಿಸಿ ಆ ನೀರು ತೆಗೆಯುತ್ತಾರೆ.

ತೊಂದರೆ ಏನಂದರೆ ಸಕ್ಕರೆಯ ಕೆಲಸ ಸೀಸನ್ನಿನದ್ದು. ಕಬ್ಬು ನುರಿಸುವುದು ನಿಂತ ಮೇಲೆ ಕೆಲವರಿಗೆ ಅರ್ಧ ಸಂಬಳ, ಕೆಲವರಿಗೆ ರಜೆ. ಸೇರುವಾಗ ಕಾಯಂ ಹುದ್ದೆಯಾ, ಸೀಸನಲ್ಲಾ ಅಂತ ಕಾಗದದಲ್ಲಿ ಬರೆಸಿಕೊಳ್ಳಿ.

ಸರ್ಕಾರಿ ಕೆಲಸ?

ಇವೆ, ಕಡಿಮೆ, ನಿಧಾನ. ಮಾಲಿನ್ಯ ನಿಯಂತ್ರಣ ಮಂಡಳಿ, ವಿಧಿವಿಜ್ಞಾನ ಪ್ರಯೋಗಾಲಯ, ಔಷಧ ಪರೀಕ್ಷಾ ಪ್ರಯೋಗಾಲಯ, ಆಹಾರ ಸುರಕ್ಷತೆ, ಕೈಗಾ ಅಣುಸ್ಥಾವರ, ಮೈಸೂರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯ (ಹಿಂದಿನ ಡಿಎಫ್‌ಆರ್‌ಎಲ್). ಅರ್ಜಿ ಹಾಕುತ್ತಿರಿ. ಅದಕ್ಕಾಗಿ ಮೂರು ವರ್ಷ ಸುಮ್ನೆ ಮನೆಯಲ್ಲಿ ಕೂರಬೇಡಿ. ಕೆಲಸ ಮಾಡುತ್ತಲೇ ಬರೆಯಿರಿ.

ಎಂಎಸ್‌ಸಿ, ಪಿಎಚ್‌ಡಿ ಮಾಡಿದ್ರೆ ಲಾಭ ಇದೆಯಾ?

ಎಂಎಸ್‌ಸಿ ಮಾಡುವುದಾದರೆ ಒಳ್ಳೆಯ ಜಾಗದಲ್ಲಿ ಮಾಡಿ. ಐಐಟಿ ಮತ್ತು ಅಂಥ ಸಂಸ್ಥೆಗಳಿಗೆ ಜಾಮ್ ಪರೀಕ್ಷೆ, ಕೇಂದ್ರದ ಬಯೋಟೆಕ್ ಇಲಾಖೆ ನೆರವಿನ ಕೋರ್ಸುಗಳಿಗೆ ಗ್ಯಾಟ್-ಬಿ. ಆಹಾರದ ಕಡೆ ಮನಸ್ಸಿದ್ದರೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ.

ಪಿಎಚ್‌ಡಿಗೆ ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ತೆಗೆದರೆ ತಿಂಗಳಿಗೆ 37,000 ರೂಪಾಯಿ ಜೊತೆಗೆ ಮನೆ ಬಾಡಿಗೆ ಭತ್ಯೆ, 2023ರಿಂದ. ಬೆಂಗಳೂರಿನಲ್ಲೇ ಐಐಎಸ್‌ಸಿ, ಎನ್‌ಸಿಬಿಎಸ್, ಜಕ್ಕೂರಿನ ಜವಾಹರಲಾಲ್ ನೆಹರು ಸೆಂಟರ್ ಇವೆ. ಐದಾರು ವರ್ಷದ ಮಾತು. ಕುತೂಹಲ ಇದ್ದರೆ ಮಾಡಿ. ಕೆಲಸ ಸಿಗಲಿಲ್ಲ ಅಂತ ಪಿಎಚ್‌ಡಿಗೆ ಸೇರಿದವರು ಮೂರನೇ ವರ್ಷ ಅಳುವುದನ್ನು ನೋಡಿದ್ದೇನೆ.

ಅನುಮಾನ ಇದ್ದವರು ಡಿಗ್ರಿಯಲ್ಲಿ ಇರುವಾಗಲೇ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ. ಎರಡು ತಿಂಗಳು ಲ್ಯಾಬಿನಲ್ಲಿ ಇದ್ದರೆ ನಿಮಗೇ ಗೊತ್ತಾಗುತ್ತದೆ.

ಕೆಲಸ ಗ್ಯಾರಂಟಿ ಅಂತ ಕೋರ್ಸ್ ಇದೆಯಂತೆ, ಸೇರಲಾ?

ಗ್ಯಾರಂಟಿ ಅನ್ನುವ ಪದ ಕೇಳಿದ ಕೂಡಲೇ ಎದ್ದು ಬನ್ನಿ. ನನ್ನ ಅಕ್ಕನ ಮಗ ಇಂಥ ಒಂದು ಕಡೆ ಎಂಬತ್ತು ಸಾವಿರ ಕಟ್ಟಿದ. ಮೂರು ತಿಂಗಳು ಪವರ್‌ಪಾಯಿಂಟ್ ತೋರಿಸಿದರು, ಯಂತ್ರ ಮುಟ್ಟಿಸಲಿಲ್ಲ. ಕೊನೆಗೆ ಕಳಿಸಿದ್ದು ಎಲ್ಲರಿಗೂ ತೆರೆದಿರುವ ಒಂದು ವಾಕ್-ಇನ್ ಇಂಟರ್‌ವ್ಯೂಗೆ. ಅದು ಪೇಪರಿನಲ್ಲೇ ಬಂದಿತ್ತು.

ಕೇಳಬೇಕಾದದ್ದು ಒಂದೇ: ಎಚ್‌ಪಿಎಲ್‌ಸಿ ಇದೆಯಾ, ನಾನೇ ಎಷ್ಟು ಗಂಟೆ ನಡೆಸಬಹುದು? ಇದಕ್ಕಿಂತ ಮೊದಲು ರಾಜ್ಯ ಸರ್ಕಾರದ ಬಯೋಟೆಕ್ ಕೌಶಲ ಯೋಜನೆ, ಬೈಸೆಪ್, ವಿಚಾರಿಸಿ. ಆಯ್ದ ಕಾಲೇಜುಗಳಲ್ಲಿ ಪಿಜಿ ಡಿಪ್ಲೊಮಾ ನಡೆಯುತ್ತದೆ, ಕಂಪನಿಯಲ್ಲಿ ಇಂಟರ್ನ್‌ಶಿಪ್ಪೂ ಸೇರಿರುತ್ತದೆ.

ಕನ್ನಡ ಮೀಡಿಯಂನವನು ನಾನು. ಇಂಗ್ಲಿಷ್ ಕಷ್ಟ.

ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಲ್ಯಾಬಿನ ಇಂಗ್ಲಿಷ್ ಭಾಷಣದ ಇಂಗ್ಲಿಷ್ ಅಲ್ಲ. "ತೂಗಿದೆ, ಕರಗಿಸಿದೆ, ಸೋಸಿದೆ, ಗಮನಿಸಿದೆ", ಇಂಥ ಐವತ್ತು ಕ್ರಿಯಾಪದ, ನೂರು ಹೆಸರು. ದಿನಾ ಅದನ್ನೇ ಓದಿ ಬರೆದು ಆರು ತಿಂಗಳಿಗೆ ಬರುತ್ತದೆ. ಇಂಟರ್‌ವ್ಯೂನಲ್ಲಿ ಸಿಕ್ಕಿಕೊಂಡರೆ "ಸಾರ್, ಕನ್ನಡದಲ್ಲಿ ಹೇಳಲಾ?" ಅಂತ ಕೇಳಿ. ನಾನಂತೂ ಬೇಡ ಅಂದಿಲ್ಲ. ಆ ಕಡೆ ಕೂತವರು ತೆಲುಗಿನವರಾದರೆ ಮಾತ್ರ ಸ್ವಲ್ಪ ಕಷ್ಟ.

ಭಾನುವಾರ ವಾಕ್-ಇನ್ ಇದೆ. ಏನು ತೊಗೊಂಡು ಹೋಗ್ಲಿ?

ಅಂಕಪಟ್ಟಿಗಳ ಎರಡು ಸೆಟ್ ಜೆರಾಕ್ಸ್, ಒರಿಜಿನಲ್ ತೋರಿಸಲು ಮಾತ್ರ. ಒರಿಜಿನಲ್ ಇಟ್ಟುಕೊಳ್ಳುತ್ತೇವೆ ಅಂದರೆ ಕೊಡಬೇಡಿ. ಫೋಟೋ, ಆಧಾರ್, ನೀಲಿ ಇಂಕಿನ ಪೆನ್ನು. ಎಂಟೂವರೆಗೇ ಗೇಟಿನಲ್ಲಿರಿ, ಹತ್ತು ಗಂಟೆಗೆ ಟೋಕನ್ ಮುಗಿದಿರುತ್ತದೆ. ಮಧ್ಯಾಹ್ನ ಮೂರಾದರೂ ಆಗಬಹುದು, ಡಬ್ಬಿಗೆ ಚಿತ್ರಾನ್ನ ಹಾಕಿಸಿಕೊಳ್ಳಿ. ಕಾಲಿಗೆ ಶೂ. ಬಾಗಿಲಿನಲ್ಲಿ ರಿಜಿಸ್ಟರ್ ಕೊಟ್ಟು ಹೆಸರು, ಟೈಮು ಬರೆಯಲು ಹೇಳುತ್ತಾರೆ. ತಪ್ಪಾದರೆ ಒಂದೇ ಗೆರೆ.